ಮಾಲ್ಡೀವ್ಸ್‌ನಲ್ಲಿ ಮಧುಚಂದ್ರ: ನೀರಿನ ಮೇಲಿನ ವಿಲ್ಲಾ ಬೇಕೋ, ದಡದ ವಿಲ್ಲಾ ಸಾಕೋ?

ತುಂಗೆಯ ತಂಗಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ಶಿವಮೊಗ್ಗದಲ್ಲಿ ನನ್ನ ಮದುವೆ. ಜನವರಿಯಲ್ಲಿ ಮಾಲ್ಡೀವ್ಸ್‌ಗೆ ಹೋಗುವುದೆಂದು ಇಬ್ಬರೂ ಒಪ್ಪಿದ್ದೇವೆ. ಅಲ್ಲಿಂದ ಮುಂದೆ ಒಂದೂ ತೀರ್ಮಾನವಾಗಿಲ್ಲ.

ಅವರಿಗೆ ಸಮುದ್ರದಲ್ಲಿ ಕಂಬ ನೆಟ್ಟು ಕಟ್ಟಿದ, ನೆಲದಲ್ಲಿ ಗಾಜು ಕೂರಿಸಿದ ವಾಟರ್ ವಿಲ್ಲಾ ಬೇಕು. ಕಾಲೇಜಿನ ದಿನಗಳಿಂದಲೂ ಅವರ ಮೊಬೈಲಿನಲ್ಲಿ ಆ ಚಿತ್ರವಿದೆಯಂತೆ. ನನಗೆ ಈಜು ಬರುವುದಿಲ್ಲ. ಎಂಟು ವರ್ಷದವಳಿದ್ದಾಗ ತುಂಗೆಯಲ್ಲಿ ಕಾಲು ಜಾರಿ ಮುಳುಗಿದವಳನ್ನು ಸೋದರಮಾವ ಜಡೆ ಹಿಡಿದು ಎಳೆದು ಹಾಕಿದ್ದರು. ಆಮೇಲೆ ಮೊಣಕಾಲಿಗಿಂತ ಆಳದ ನೀರಿಗೆ ಇಳಿದಿಲ್ಲ. ರಾತ್ರಿ ಮಂಚದ ಕೆಳಗೆ ಸಮುದ್ರ ಇರುತ್ತದೆ ಎಂದು ನೆನೆದರೇ ಎದೆ ಹೊಡೆದುಕೊಳ್ಳುತ್ತದೆ. ಅವರ ಬಳಿ ಇದನ್ನು ಇನ್ನೂ ಪೂರ್ತಿ ಹೇಳಿಕೊಂಡಿಲ್ಲ.

ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಇಬ್ಬರ ಉಳಿತಾಯ ಸೇರಿಸಿ ನಾಲ್ಕೂವರೆ ಲಕ್ಷ ತೆಗೆದಿಟ್ಟಿದ್ದೇವೆ. ಮನೆಯವರ ಹಣ ಬೇಡ ಎಂದು ಮೊದಲೇ ನಿರ್ಧರಿಸಿದ್ದೇವೆ. ಏಜೆಂಟರೊಬ್ಬರು ಸೀಪ್ಲೇನ್‌ನಲ್ಲಿ ಹೋಗುವ ದ್ವೀಪವೊಂದರಲ್ಲಿ ನಾಲ್ಕು ರಾತ್ರಿಯ ದರ ಕಳಿಸಿದ್ದಾರೆ, ನಾಳಿದ್ದು ಮುಂಗಡ ಕೊಡಿ ಎನ್ನುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಉಪ್ಪುಗಾಳಿ

ನಾಳಿದ್ದು ಮುಂಗಡ ಕೊಡಬೇಡಿ. ಮೊದಲು ವಿಮಾನದ ಹೊತ್ತು ನೋಡಿ, ಆಮೇಲೆ ದ್ವೀಪ. ನಾವು ತಿರುಗುಮುರುಗು ಮಾಡಿ ಪಾಠ ಕಲಿತೆವು.

ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು ಎರಡು ಗಂಟೆ ಸಾಕು. ಆದರೆ ರಾಜಧಾನಿ ಮಾಲೆಯಲ್ಲಿ ಇಳಿದರೆ ರೆಸಾರ್ಟ್‌ಗೆ ಹೋಗಿ ಸೇರಿದಂತಲ್ಲ. ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ. ನಮ್ಮ ವಿಮಾನ ಇಳಿದಾಗ ಸಂಜೆ ನಾಲ್ಕೂಮುಕ್ಕಾಲು. ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದಾಗ ಆ ದಿನದ ಕೊನೆಯ ಸೀಪ್ಲೇನ್ ಹೋಗಿಯಾಗಿತ್ತು. ಆ ರಾತ್ರಿ ಹುಲ್ಹುಮಾಲೆಯ ಸಣ್ಣ ಹೋಟೆಲೊಂದರಲ್ಲಿ, ಎದುರು ಕಟ್ಟಡದ ಗೋಡೆ ಕಾಣುವ ಕೋಣೆಯಲ್ಲಿ ಮಲಗಿದೆವು. ಹಣ ಕಟ್ಟಿದ್ದ ವಿಲ್ಲಾ ಆ ರಾತ್ರಿ ಖಾಲಿ ಇತ್ತು. ಒಂದು ಪೈಸೆಯೂ ವಾಪಸು ಬರಲಿಲ್ಲ. ಟಿಕೆಟ್ ಮಾಡಿಸಿದವರಿಗೆ ಈ ವಿಷಯ ಗೊತ್ತಿರಲೇಬೇಕಿತ್ತು. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.

ಮಧ್ಯಾಹ್ನದೊಳಗೆ ಮಾಲೆ ತಲುಪುವಂತಿದ್ದರೆ ಮಾತ್ರ ಸೀಪ್ಲೇನ್ ದ್ವೀಪ ಆರಿಸಿ. ಇಲ್ಲವಾದರೆ ಉತ್ತರ ಮಾಲೆ, ದಕ್ಷಿಣ ಮಾಲೆ ಹವಳವಲಯಗಳಲ್ಲಿ (ಉಂಗುರದಂತೆ ಹರಡಿದ ಹವಳದ ದ್ವೀಪಗಳ ಗುಂಪುಗಳಲ್ಲಿ) ಸ್ಪೀಡ್‌ಬೋಟ್‌ನಲ್ಲಿ ಇಪ್ಪತ್ತು ನಿಮಿಷದಿಂದ ಒಂದು ಗಂಟೆಯೊಳಗೆ ತಲುಪುವ ದ್ವೀಪಗಳು ಬೇಕಾದಷ್ಟಿವೆ. ರಾತ್ರಿಯೂ ಕರೆದುಕೊಂಡು ಹೋಗುತ್ತಾರೆ.

ಸೀಪ್ಲೇನ್ ಪ್ರಯಾಣ ಸುಂದರವೇ. ಹದಿನೈದು ಜನ ಹಿಡಿಯುವ ಟ್ವಿನ್ ಆಟರ್, ಬರಿಗಾಲಿನ ಪೈಲಟ್‌ಗಳು, ಕೆಳಗೆ ನೀಲಿ ಬಟ್ಟೆಯ ಮೇಲೆ ಹಸಿರು ಬಳೆಗಳನ್ನು ಚೆಲ್ಲಿದಂತೆ ಕಾಣುವ ದ್ವೀಪಗಳು. ಆದರೆ ಹೋಗಿ ಬರುವ ಖರ್ಚು ತಲೆಗೆ ಸಾಮಾನ್ಯವಾಗಿ 400ರಿಂದ 600 ಡಾಲರ್. ನಿಮ್ಮ ಹಣದಲ್ಲಿ ಅದು ದೊಡ್ಡ ಪಾಲು.

ಲೆಕ್ಕದ ಪುಸ್ತಕ

ಏಜೆಂಟರು ಕಳಿಸಿದ ದರದ ಪಕ್ಕದಲ್ಲಿ ಎರಡು ಕೂಡುವ ಚಿಹ್ನೆಗಳು ಇವೆಯೇ ನೋಡಿ. ಇದ್ದರೆ ಆ ಮೊತ್ತಕ್ಕೆ ಶೇ 10 ಸೇವಾ ಶುಲ್ಕ, ಅದರ ಮೇಲೆ ಪ್ರವಾಸೋದ್ಯಮದ ಜಿಎಸ್‌ಟಿ ಸೇರುತ್ತದೆ. ಆ ಜಿಎಸ್‌ಟಿ 2025ರ ಜುಲೈನಿಂದ ಶೇ 17. ಎರಡೂ ಸೇರಿ 100 ಡಾಲರ್‌ನ ಊಟ 128 ಡಾಲರ್ 70 ಸೆಂಟ್ ಆಗುತ್ತದೆ. ಜೊತೆಗೆ ಹಸಿರು ತೆರಿಗೆ: 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ 96 ಡಾಲರ್ ಅಲ್ಲಿಗೇ ಹೋಯಿತು.

ಬೆಳಗಿನ ತಿಂಡಿ ಮಾತ್ರ ಸೇರಿದ ದರ ನೋಡಿ ಅಗ್ಗವೆಂದು ಮರುಳಾಗಬೇಡಿ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಹೊರಗೆ ಹೋಗಿ ಇಡ್ಲಿ ತಿಂದು ಬರೋಣ ಎಂದರೆ ಹೊರಗೆ ಇರುವುದು ಸಮುದ್ರ. ಎರಡು ಹೊತ್ತಿನ ಅಥವಾ ಮೂರು ಹೊತ್ತಿನ ಊಟ ಸೇರಿದ್ದನ್ನೇ ಕೇಳಿ. ನೀವಿಬ್ಬರೂ ಮದ್ಯ ಮುಟ್ಟದವರಾದರೆ ಎಲ್ಲವೂ ಸೇರಿದ ದುಬಾರಿ ಪ್ಯಾಕೇಜ್ ಬೇಕಿಲ್ಲ, ಅದರಲ್ಲಿ ದೊಡ್ಡ ಪಾಲು ಪಾನೀಯದ್ದು.

ಇನ್ನೆರಡು ಮಾತು. ಇಲ್ಲಿನ ಏಜೆಂಟರಿಂದ ವಿದೇಶ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಯಾರ ಪ್ಯಾನ್‌ಗೆ ಜಮೆಯಾಯಿತು ಎಂದು ಬರೆದಿಟ್ಟುಕೊಂಡು ಆದಾಯ ತೆರಿಗೆ ವಿವರದಲ್ಲಿ ಹೊಂದಿಸಿಕೊಳ್ಳಿ. ಪ್ರಯಾಣಕ್ಕೆ 96 ಗಂಟೆಗಳ ಒಳಗೆ ತುಂಬಬೇಕಾದ ಇಮುಗಾ ಅರ್ಜಿ (ಪ್ರಯಾಣಿಕರು ಮಾಲ್ಡೀವ್ಸ್ ಸರ್ಕಾರಕ್ಕೆ ಕೊಡುವ ಆನ್‌ಲೈನ್ ಘೋಷಣೆ) ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ನಕಲಿ. ವೀಸಾ ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ.

ಹಸಿರು ಗುಡ್ಡ

ಅಂಡಮಾನ್ ಇರುವಾಗ ಇದೆಲ್ಲ ಏಕೆ? ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ ಯಾವುದಕ್ಕೆ ಕಡಿಮೆ? ನಾಲ್ಕೂವರೆ ಲಕ್ಷದಲ್ಲಿ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ ಬರಬಹುದು.

ಬೈಂದೂರಿನ ಒಲೆ

ಗುಡ್ಡದವರೇ, ಮಧುಚಂದ್ರಕ್ಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಎನ್ನಬೇಡಿ, ಅವರಿಗೆ ಬೇರೆಯಾಗಿ ತೀರ್ಥಯಾತ್ರೆ ಮಾಡಿಸಲಿ.

ತಂಗೀ, ನಾನು ಅಲ್ಲಿನ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ಆರು ವರ್ಷ ಕೆಲಸ ಮಾಡಿದವನು. ಊಟದ ಚಿಂತೆ ಬಿಡು, ಆದರೆ ಬುಕ್ ಮಾಡುವಾಗಲೇ ಬರೆದು ತಿಳಿಸು. ‘ವೆಜಿಟೇರಿಯನ್’ ಎಂಬ ಒಂದು ಪದ ಸಾಲದು. ಮೀನು ಇಲ್ಲ, ಮೊಟ್ಟೆ ಇಲ್ಲ, ಒಣಮೀನಿನ ಪುಡಿ ಇಲ್ಲ ಎಂದು ಬಿಡಿಸಿ ಬರೆ. ಅಲ್ಲಿ ಒಣಗಿಸಿದ ಟ್ಯೂನಾ ಇಲ್ಲದ ಅಡುಗೆ ಅಪರೂಪ. ಬೆಳಗಿನ ತಿಂಡಿಗೆ ಮಾಸ್ ಹುನಿ ಎಂದು ಇಡುತ್ತಾರೆ. ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಹಾಕಿ ಕಲಸಿದ್ದು. ನೋಡಿದರೆ ನಮ್ಮ ಕೋಸಂಬರಿ ಎನಿಸುತ್ತದೆ. ಆದರೆ ಮಾಸ್ ಎಂದರೆ ಮೀನು. ಅದರ ಜೊತೆ ಕೊಡುವ ರೋಶಿ ನಮ್ಮ ಚಪಾತಿಯ ಅಣ್ಣತಮ್ಮ, ಅದನ್ನು ಧಾರಾಳವಾಗಿ ತಿನ್ನು.

ದೊಡ್ಡ ರೆಸಾರ್ಟ್‌ಗಳಲ್ಲಿ ಭಾರತದ ಬಾಣಸಿಗ ಒಬ್ಬನಾದರೂ ಇರುತ್ತಾನೆ. ಮೊದಲ ದಿನವೇ ಅವನನ್ನು ಕರೆಸಿ ಮಾತನಾಡಿಸು. ನಾನಿದ್ದಾಗ ದಾವಣಗೆರೆಯ ಜೋಡಿಯೊಂದು ಬಂದಿತ್ತು. ಎರಡು ದಿನ ಬ್ರೆಡ್ ಮತ್ತು ಹಣ್ಣು ತಿಂದುಕೊಂಡೇ ಸುಮ್ಮನಿದ್ದರು, ಸಂಕೋಚ. ಮೂರನೇ ದಿನ ಆ ಹುಡುಗಿ ಗಂಡನ ಬಳಿ ಕನ್ನಡದಲ್ಲಿ ‘ಒಂದು ತುತ್ತು ಅನ್ನ ಸಾರು ಸಿಕ್ಕಿದ್ದರೆ’ ಎಂದದ್ದು ಬಫೆಯ ಹಿಂದೆ ನಿಂತಿದ್ದ ನನ್ನ ಕಿವಿಗೆ ಬಿತ್ತು. ಹತ್ತು ನಿಮಿಷದಲ್ಲಿ ಟೊಮೆಟೊ ಸಾರು ಮಾಡಿ ತಂದುಕೊಟ್ಟೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅಲ್ಲಿ ಮಾಡಿದ ಯಾವ ದೊಡ್ಡ ಅಡುಗೆಗೂ ಸಿಗದ ತೃಪ್ತಿ ಆ ಸಾರಿನಲ್ಲಿ ನನಗೆ ಸಿಕ್ಕಿತು.

ಒಂದು ಕೋರಿಕೆ. ತಟ್ಟೆಗೆ ಬೇಕಾದಷ್ಟೇ ಹಾಕಿಸಿಕೊಳ್ಳಿ. ಅಲ್ಲಿನ ಮಣ್ಣು ಬರೀ ಹವಳದ ಮರಳು. ಬೇಳೆ, ಆಲೂಗಡ್ಡೆ, ಈರುಳ್ಳಿ ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಕುಡಿಯುವ ನೀರನ್ನೂ ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡುತ್ತಾರೆ. ಹತ್ತು ನಿಮಿಷದ ಷವರ್‌ನ ಹಿಂದೆ ಡೀಸೆಲ್ ಉರಿಯುತ್ತಿರುತ್ತದೆ.

ಬೆನ್ನುಚೀಲ

ಹಣ ಉಳಿಸಬೇಕಿದ್ದರೆ ಎರಡು ರಾತ್ರಿ ಊರಿರುವ ದ್ವೀಪದಲ್ಲಿ ಇರಿ. ಮೊದಲು ಪ್ರವಾಸಿಗರಿಗೆ ರೆಸಾರ್ಟ್ ಮಾತ್ರವೇ ದಾರಿಯಾಗಿತ್ತು. 2009ರ ನಂತರ ಸ್ಥಳೀಯರು ಗೆಸ್ಟ್‌ಹೌಸ್ ನಡೆಸಬಹುದು. ಮಾಫುಶಿಯಲ್ಲಿ ಜನಜಂಗುಳಿ ಹೆಚ್ಚು. ತೊಡ್ಡು ದ್ವೀಪದಲ್ಲಿ ಕಲ್ಲಂಗಡಿ, ಪಪ್ಪಾಯಿ ಬೆಳೆಯುತ್ತಾರೆ, ನನಗೆ ಅದು ಹೆಚ್ಚು ಇಷ್ಟವಾಯಿತು. ಊರೊಳಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಹಾಕಿಕೊಳ್ಳಿ. ಈಜುಡುಗೆಗೆ ಬೇರೆ ಕಡಲತೀರ ಗುರುತು ಮಾಡಿರುತ್ತಾರೆ. ಮದ್ಯ ಇಲ್ಲವೇ ಇಲ್ಲ. ಶುಕ್ರವಾರ ಸಾರ್ವಜನಿಕ ದೋಣಿಗಳು ಸಾಮಾನ್ಯವಾಗಿ ಓಡುವುದಿಲ್ಲ, ಅದಕ್ಕೆ ತಕ್ಕಂತೆ ದಿನ ಹೊಂದಿಸಿಕೊಳ್ಳಿ.

ತುಂಗೆಯ ತಂಗಿ

ಬೈಂದೂರಿನ ಅಣ್ಣಾ, ನಿಮ್ಮ ಸಾರಿನ ಕಥೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಸಾರಿನ ಪುಡಿ ಕಟ್ಟಿಕೊಡುವುದಾಗಿ ಹೇಳಿದ್ದಾರೆ. ಸೀಪ್ಲೇನ್ ಬಿಟ್ಟೆವು, ನಮ್ಮ ವಿಮಾನ ಸಂಜೆಯದು.

ನೀರಿನ ಭಯದ ಬಗ್ಗೆ ಯಾರಾದರೂ ಹೇಳುವಿರಾ? ಈಜು ಬರದವರು ಅಲ್ಲಿ ಹೋಗಿ ಏನು ಮಾಡಬೇಕು? ನನ್ನಿಂದಾಗಿ ಅವರೂ ದಡದಲ್ಲೇ ಕೂರುವಂತಾದರೆ ಎಂಬ ಅಳುಕು.

ನೇತ್ರಾಣಿ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಜನರನ್ನು ಸ್ಕೂಬಾಗೆ ಕರೆದುಕೊಂಡು ಹೋಗುವ ಕೆಲಸದಲ್ಲಿ ಎಂಟು ವರ್ಷ ಇದ್ದೆ, ಮಾಲ್ಡೀವ್ಸ್‌ನಲ್ಲೂ ಮೂರು ವರ್ಷ. ನೀರಿಗೆ ಹೆದರುವವರನ್ನು ದಿನಾ ನೋಡಿದ್ದೇನೆ. ನಿಮ್ಮದು ನಾಚಿಕೆಪಡುವ ವಿಷಯವಲ್ಲ. ಮುಳುಗಿ ಬದುಕಿದ ದೇಹ ಅದನ್ನು ಮರೆಯುವುದಿಲ್ಲ.

ಮೊದಲಿಗೆ ವಿಲ್ಲಾ ವಿಚಾರ. ಗಾಜಿನ ನೆಲದ ಕೆಳಗೆ ಮೀನಿನ ಮೆರವಣಿಗೆ ಇರುತ್ತದೆಂದು ನಿಮ್ಮವರು ಅಂದುಕೊಂಡಿದ್ದರೆ ಈಗಲೇ ಹೇಳಿಬಿಡಿ: ವಾಟರ್ ವಿಲ್ಲಾಗಳನ್ನು ಸಾಮಾನ್ಯವಾಗಿ ಆಳವಿಲ್ಲದ, ಮರಳು ತಳದ ಲಗೂನಿನಲ್ಲಿ ಕಟ್ಟುತ್ತಾರೆ. ಗಾಜಿನ ಕೆಳಗೆ ಹೆಚ್ಚಿನ ಹೊತ್ತು ಕಾಣುವುದು ಬಿಳಿ ಮರಳು. ಮೀನಿರುವುದು ಹವಳದ ದಿಬ್ಬದಲ್ಲಿ. ಹಾಗಾಗಿ ರೆಸಾರ್ಟ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ದಡದಿಂದ ಹವಳದ ದಿಬ್ಬದ ಅಂಚು ಎಷ್ಟು ಮೀಟರ್ ದೂರ? ಕೆಲವು ದ್ವೀಪಗಳಲ್ಲಿ ಮೂವತ್ತು ನಲವತ್ತು ಮೀಟರ್, ಕೆಲವು ಕಡೆ ದೋಣಿ ಹತ್ತಿಯೇ ಹೋಗಬೇಕು. ನನ್ನನ್ನು ಕೇಳಿದರೆ ಅಲ್ಲಿನ ನಿಜವಾದ ಐಷಾರಾಮ ಹಾಸಿಗೆಯಿಂದ ಎದ್ದು ಐದು ನಿಮಿಷದಲ್ಲಿ ಹವಳದ ಮೇಲೆ ತೇಲುತ್ತಿರುವುದು. ಉಳಿದದ್ದು ಬೇರೆ ಕಡೆಯೂ ದುಡ್ಡಿಗೆ ಸಿಗುತ್ತದೆ.

ನಿಮಗೆ ಆರೇಳು ವಾರ ಸಮಯವಿದೆ. ಮಹಿಳೆಯರಿಗೆ ಪ್ರತ್ಯೇಕ ತರಗತಿ ಇರುವ ಈಜುಕೊಳಕ್ಕೆ ಸೇರಿ. ಈಜು ಕಲಿಯಬೇಕೆಂದು ಹಟ ಹಿಡಿಯಬೇಡಿ, ಮೂರೇ ವಿಷಯ ಸಾಕು: ಬೋರಲಾಗಿ ತೇಲುವುದು, ಅಂಗಾತ ತಿರುಗುವುದು, ಮುಖ ನೀರಿನಲ್ಲಿಟ್ಟು ನಳಿಗೆಯಿಂದ ಉಸಿರಾಡುವುದು. ಮುಖವಾಡವನ್ನು ಇಲ್ಲೇ ಕೊಂಡು ಅಳತೆ ನೋಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೊಂಡರೆ ಅದು ತಾನಾಗಿ ನಿಲ್ಲಬೇಕು, ಬಿದ್ದರೆ ನೀರು ಸೋರುತ್ತದೆ. ಅಲ್ಲಿ ಲೈಫ್ ಜಾಕೆಟ್ ತೊಟ್ಟು, ರೆಸಾರ್ಟ್‌ನ ಮಾರ್ಗದರ್ಶಕರ ಜೊತೆ, ಮೊದಲ ದಿನ ಸೊಂಟದ ನೀರಿನಲ್ಲಷ್ಟೇ. ಹವಳದ ದಿಬ್ಬ ಒಡೆದು ಸಮುದ್ರಕ್ಕೆ ದಾರಿಯಾಗುವ ಕಡೆ ಸೆಳೆತ ಜೋರು, ಅತ್ತ ಹೋಗಲೇಬೇಡಿ.

ಜನವರಿ ಒಳ್ಳೆಯ ಆಯ್ಕೆ. ಈಶಾನ್ಯ ಮಾರುತದ ಒಣ ತಿಂಗಳುಗಳು, ನೀರು ತಿಳಿ. ಮಾಂಟಾ ಎಂಬ ದೊಡ್ಡ ತೊರಕೆ ಮೀನು ನೋಡಲು ಹನಿಫಾರು ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ ಕೊಡಬೇಡಿ. ಬಾ ಹವಳವಲಯದ ಆ ಕೊಲ್ಲಿಗೆ ಅವು ಸೇರುವುದು ಸುಮಾರಾಗಿ ಮೇ ತಿಂಗಳಿನಿಂದ ನವೆಂಬರ್‌ವರೆಗೆ.

ಹವಳವನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ. 1998ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿ ಆಳವಿಲ್ಲದ ನೀರಿನ ಹವಳದ ಬಹುಪಾಲು ಬಿಳಿಚಿ ಸತ್ತಿತು. ಚೇತರಿಸಿಕೊಳ್ಳುತ್ತಿದ್ದದ್ದಕ್ಕೆ 2016ರಲ್ಲಿ ಮತ್ತೆ ಪೆಟ್ಟು ಬಿತ್ತು. ಈಗ ಕಾಣುವ ಪ್ರತಿ ಕೊಂಬೆಯೂ ಅಂತಹ ಪೆಟ್ಟುಗಳನ್ನು ತಾಳಿ ಉಳಿದದ್ದು ಅಥವಾ ಆಮೇಲೆ ಚಿಗುರಿದ್ದು. ಪೂರ್ತಿ ತೋಳಿನ ಈಜುಡುಗೆ ತೊಟ್ಟರೆ ಸನ್‌ಸ್ಕ್ರೀನ್ ಬಳಿಯುವುದೂ ಕಡಿಮೆ, ಬೆನ್ನು ಸುಡುವುದೂ ಇಲ್ಲ.

ಹಳೆ ಬಂದರು

ಮಂಗಳೂರಿನವನು, ವಯಸ್ಸು ಎಪ್ಪತ್ತು ದಾಟಿದೆ. ಅಂಡಮಾನ್ ಹೆಸರು ಬಂತು, ಲಕ್ಷದ್ವೀಪದ ಹೆಸರು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನನ್ನ ಅಜ್ಜ ಹಳೆ ಬಂದರಿನಲ್ಲಿ ದ್ವೀಪದಿಂದ ಬಂದ ಕೊಬ್ಬರಿಯನ್ನೂ ಹುರಿಹಗ್ಗವನ್ನೂ ತೂಗುತ್ತಿದ್ದರು. ಮಂಜಿಗಳು (ಸರಕು ಸಾಗಿಸುವ ದೋಣಿಗಳು) ಹಿಂತಿರುಗುವಾಗ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಇಂದಿಗೂ ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ಅಲ್ಲಿಂದ ದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೋಗುತ್ತದೆ.

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ಜನರ ಮಾತು ಮಾಲ್ಡೀವ್ಸ್‌ನ ದಿವೇಹಿಯೇ. ಆ ದ್ವೀಪಕ್ಕೂ ಮಾಲ್ಡೀವ್ಸ್‌ಗೂ ನಡುವೆ ಎಂಟು ಡಿಗ್ರಿ ಕಾಲುವೆ ಎಂಬ ನೀರಿನ ಹರವು ಮಾತ್ರ. ಅವರು ದೋಣಿಗೆ ಏನೆನ್ನುತ್ತಾರೆ ಗೊತ್ತೇ? ದೋಣಿ ಎಂದೇ. ಹವಳದ ಉಂಗುರ ದ್ವೀಪಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಪದವೂ ಅವರ ‘ಅತೊಳು’ವಿನಿಂದ ಬಂದದ್ದು.

ಮಕ್ಕಳೇ, ಲಕ್ಷದ್ವೀಪದ ಅಗತ್ತಿ, ಬಂಗಾರಂ ಕಡೆಗೆ ಒಮ್ಮೆ ಯೋಚಿಸಿ. ಪ್ರವೇಶ ಪರವಾನಗಿ ಬೇಕು, ಕೋಣೆಗಳು ಕಡಿಮೆ, ಮೊದಲೇ ಗೊತ್ತು ಮಾಡಬೇಕು. ಆದರೆ ಆ ನೀಲಿಯ ಮುಂದೆ ನಿಂತವರು ಇನ್ನೊಂದು ನೀಲಿಗೆ ಆಸೆಪಡಲಾರರು.

ಉಪ್ಪುಗಾಳಿ

ಹಿರಿಯರೇ, ನೀಲಿಯ ವಿಷಯದಲ್ಲಿ ನೀವು ಹೇಳಿದ್ದು ಸತ್ಯ. ಬಂಗಾರಂ ನೋಡಿದ್ದೇನೆ. ಆದರೆ ಅಲ್ಲಿ ಮಾಲ್ಡೀವ್ಸ್ ಮಟ್ಟದ ಉಪಚಾರ ನಿರೀಕ್ಷಿಸಬಾರದು, ನಿರೀಕ್ಷಿಸುವುದು ಆ ದ್ವೀಪಗಳಿಗೂ ಒಳ್ಳೆಯದಲ್ಲ. ಸಿಹಿನೀರು ಅಲ್ಲಿ ಮೊದಲೇ ಕಡಿಮೆ.

ಬಯಲುಸೀಮೆಯವಳು

ಎಲ್ಲರೂ ದುಡ್ಡು, ಹವಳ, ಸಾರಿನ ಬಗ್ಗೆ ಹೇಳಿದ್ದೀರಿ. ನಾನು ಬೇರೆ ವಿಷಯ ಹೇಳುತ್ತೇನೆ.

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಎರಡೇ ತಿಂಗಳು. ಮದುವೆಯಾದ ನಾಲ್ಕನೇ ದಿನವೇ ಮಾಲ್ಡೀವ್ಸ್‌ಗೆ ಹೊರಟೆವು. ಅದು ತಪ್ಪು. ಮೊದಲ ಒಂದೂವರೆ ದಿನ ಇಬ್ಬರೂ ನಿದ್ದೆ ಮಾಡಿದೆವು. ನೀವು ಒಂದು ತಿಂಗಳು ಬಿಟ್ಟು ಹೋಗುತ್ತಿರುವುದು ಜಾಣತನ.

ಆ ದ್ವೀಪವನ್ನು ಸುತ್ತಿ ಬರಲು ಹನ್ನೆರಡು ನಿಮಿಷ ಸಾಕಿತ್ತು. ಎರಡನೆಯ ಸಂಜೆಗೆ ನಾಲ್ಕು ಸುತ್ತು ಮುಗಿದು, ಫೋಟೊ ತೆಗೆಯುವುದೂ ಮುಗಿದು, ಇಬ್ಬರಿಗೂ ಮಾತೇ ಇರಲಿಲ್ಲ. ಇಷ್ಟು ದುಡ್ಡು ಹಾಕಿ ಇಷ್ಟು ದೂರ ಬಂದು, ಗುರುತಿಲ್ಲದ ಮನುಷ್ಯನ ಜೊತೆ ಸಿಕ್ಕಿಹಾಕಿಕೊಂಡೆನೇ ಎಂದು ಭಯವಾಯಿತು. ಊರಿನಲ್ಲಾದರೆ ನಾದಿನಿ ಇರುತ್ತಾಳೆ, ಟಿವಿ ಇರುತ್ತದೆ, ಎದ್ದು ಅಡುಗೆಮನೆಗೆ ಹೋಗಬಹುದು.

ರಾತ್ರಿ ಜೆಟ್ಟಿಯ ಮೆಟ್ಟಿಲಲ್ಲಿ ಕುಳಿತೆವು. ಕೆಳಗೆ ದೀಪ ಹಾಕಿರುತ್ತಾರೆ, ಬೆಳಕಿಗೆ ಸಣ್ಣ ಮೀನು, ಅವುಗಳ ಹಿಂದೆ ದೊಡ್ಡವು ಬರುತ್ತವೆ. ಒಂದು ತೊರಕೆ ಮೀನು ರೆಕ್ಕೆ ಬಡಿಯುತ್ತ ಬೆಳಕಿನ ವೃತ್ತದೊಳಗೆ ಬಂದು ಹೋಯಿತು, ಮತ್ತೆ ಬಂತು. ಅದನ್ನೇ ನೋಡುತ್ತ ಅವರು ಇದ್ದಕ್ಕಿದ್ದಂತೆ ತೀರಿಹೋದ ತಮ್ಮನ ಬಗ್ಗೆ ಹೇಳತೊಡಗಿದರು. ಹದಿನೈದನೇ ವಯಸ್ಸಿಗೆ ಜ್ವರದಲ್ಲಿ ಹೋದವನು. ಎರಡು ತಿಂಗಳ ಫೋನಿನ ಮಾತಿನಲ್ಲಿ ಒಮ್ಮೆಯೂ ಆ ಸುದ್ದಿ ಎತ್ತಿರಲಿಲ್ಲ. ಜೆಟ್ಟಿಯಿಂದ ಎದ್ದಾಗ ಎರಡು ಗಂಟೆ ರಾತ್ರಿ. ನಮ್ಮ ಮದುವೆ ನಡೆದದ್ದು ಅಲ್ಲಿ ಎಂದೇ ನಾನು ತಿಳಿದಿದ್ದೇನೆ.

ತಂಗೀ, ನದಿಯಲ್ಲಿ ಮುಳುಗಿದ ವಿಷಯವನ್ನು ನಮಗೆಲ್ಲ ಹೇಳಿದ್ದೀಯೆ. ಅವರಿಗೂ ಹೇಳು. ವಿಲ್ಲಾ ಬುಕ್ ಮಾಡುವ ಮೊದಲು ಹೇಳು.

ತುಂಗೆಯ ತಂಗಿ

ಹೇಳಿದೆ ಅಕ್ಕ. ನಿನ್ನೆ ರಾತ್ರಿ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಾಜಿನ ನೆಲ ಬೇಡವೇ ಬೇಡ ಎಂದುಬಿಟ್ಟರು. ಅದು ನನಗೆ ಸರಿಬರಲಿಲ್ಲ, ಅವರ ಎಷ್ಟೋ ವರ್ಷದ ಆಸೆ. ದಕ್ಷಿಣ ಮಾಲೆ ಹವಳವಲಯದಲ್ಲಿ, ದಡಕ್ಕೆ ಹತ್ತಿರ ಹವಳದ ದಿಬ್ಬವಿರುವ ದ್ವೀಪವೊಂದರಲ್ಲಿ ಮೂರು ರಾತ್ರಿ ದಡದ ವಿಲ್ಲಾ, ಕೊನೆಯ ರಾತ್ರಿ ಮಾತ್ರ ನೀರಿನ ಮೇಲೆ ಎಂದು ಗೊತ್ತು ಮಾಡಿದ್ದೇವೆ. ಇಬ್ಬರೂ ಈಜುಕೊಳಕ್ಕೆ ಸೇರಿದ್ದೇವೆ. ಅವರಿಗೂ ಈಜು ಬರುವುದಿಲ್ಲವಂತೆ!

ತುಂಗೆಯ ತಂಗಿ

ಬಂದೆವು. ಹದಿನೆಂಟು ದಿನವಾಯಿತು, ಬರೆಯಲು ಈಗ ಬಿಡುವಾಯಿತು.

ಮೊದಲ ಬೆಳಿಗ್ಗೆ ಸೊಂಟದ ನೀರಿನಲ್ಲಿ ಮುಖ ಮುಳುಗಿಸಿದೆ, ಎದ್ದೆ, ಮುಳುಗಿಸಿದೆ, ಎದ್ದೆ. ಮಾರ್ಗದರ್ಶಕ ಹುಡುಗ ಅರ್ಧ ಗಂಟೆ ಬೇಸರಿಸದೆ ನಿಂತಿದ್ದ. ಎರಡನೆಯ ದಿನ ಅವನು ಎಳೆಯುವ ರಬ್ಬರ್ ಬಳೆಯನ್ನು ಹಿಡಿದು ದಿಬ್ಬದ ಅಂಚಿನವರೆಗೆ ಹೋದೆ. ಅಲ್ಲಿ ಕಿವಿಗೆ ಮೊದಲು ಬಿದ್ದದ್ದು ಸದ್ದು. ಹಪ್ಪಳ ಮುರಿದಂತೆ ಕಟಕಟ ಎನ್ನುವ ಸದ್ದು, ಸುತ್ತಲಿಂದಲೂ. ಹಸಿರು, ಗುಲಾಬಿ, ನೀಲಿ ಬಣ್ಣದ ಗಿಳಿಮೀನುಗಳು ಹಲ್ಲಿನಿಂದ ದಿಬ್ಬವನ್ನು ಕೆರೆಯುತ್ತಿದ್ದವು. ಅವು ನುಂಗಿದ ಹವಳವೇ ಪುಡಿಯಾಗಿ ಹೊರಬಂದು ಆ ಬಿಳಿ ಮರಳಿನ ದೊಡ್ಡ ಪಾಲಾಗುತ್ತದೆ ಎಂದು ಆ ಹುಡುಗ ಆಮೇಲೆ ಹೇಳಿದ. ದಿಬ್ಬ ಮುಗಿದು ಕಡುನೀಲಿ ಶುರುವಾಗುವ ಕಡೆ ಎದೆ ಝಲ್ಲೆಂದಿತು. ಪಕ್ಕದಲ್ಲಿ ಅವರು ಬಳೆಯನ್ನು ನನಗಿಂತ ಬಿಗಿಯಾಗಿ ಹಿಡಿದಿದ್ದರು. ಅವರ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಕೊನೆಯ ರಾತ್ರಿ ನೀರಿನ ಮೇಲಿನ ವಿಲ್ಲಾದಲ್ಲಿ ನನಗೆ ಗಾಢವಾಗಿ ನಿದ್ದೆ ಬಂತು. ಕಂಬಗಳಿಗೆ ಅಲೆ ಬಡಿಯುವ ಸದ್ದಿಗೆ ಅವರು ನಾಲ್ಕು ಗಂಟೆಗೇ ಎದ್ದು ಕುಳಿತಿದ್ದರಂತೆ. ಬೆಳಗಾಗುವ ಹೊತ್ತಿಗೆ ನನ್ನನ್ನು ಎಬ್ಬಿಸಿದರು. ಗಾಜಿನ ಕೆಳಗೆ ಬಿಳಿ ಮರಳಿನ ಮೇಲೆ, ಮೊಣಕೈಯುದ್ದದ ಮರಿ ಶಾರ್ಕ್ ಎರಡು, ಬೆನ್ನಿನ ರೆಕ್ಕೆಯ ತುದಿ ಕಪ್ಪು, ಮೆಲ್ಲನೆ ಸುತ್ತು ಹಾಕುತ್ತಿದ್ದವು. ನೇತ್ರಾಣಿ ಅಣ್ಣ ಮರಳು ಮಾತ್ರ ಕಾಣುತ್ತದೆ ಎಂದಿದ್ದರು. ಕಾಯುತ್ತಿದ್ದರೆ ಒಮ್ಮೊಮ್ಮೆ ಇದೂ ಕಾಣುತ್ತದೆ.

ಊಟಕ್ಕೆ ಒಂದು ಹೊತ್ತೂ ತೊಂದರೆಯಾಗಲಿಲ್ಲ. ಅಮ್ಮನ ಸಾರಿನ ಪುಡಿಯನ್ನು ಅಲ್ಲಿನ ಕೇರಳದ ಬಾಣಸಿಗರಿಗೆ ಕೊಟ್ಟು ಬಂದೆವು.

ಹಸಿರು ಗುಡ್ಡ

ಸಂತೋಷವಾಯಿತು. ಒಟ್ಟು ಎಷ್ಟಾಯಿತು ಎಂದು ಹೇಳಬಹುದೇ? ನಮ್ಮ ಮನೆಯಲ್ಲೂ ಮಾರ್ಚ್‌ನಲ್ಲಿ ಮದುವೆ ಇದೆ.

ತುಂಗೆಯ ತಂಗಿ

ವಿಮಾನ, ಸ್ಪೀಡ್‌ಬೋಟ್, ಎರಡು ಹೊತ್ತಿನ ಊಟ, ತೆರಿಗೆ ಎಲ್ಲ ಸೇರಿ ಇಬ್ಬರಿಗೆ ನಾಲ್ಕು ಲಕ್ಷದ ಹನ್ನೊಂದು ಸಾವಿರ. ಉಳಿದದ್ದರಲ್ಲಿ ನೇತ್ರಾಣಿಗೆ ಹೋಗುವ ಮಾತಾಗಿದೆ, ಮಳೆಗಾಲಕ್ಕೆ ಮೊದಲು.

ನೇತ್ರಾಣಿ

ಬನ್ನಿ. ಇಬ್ಬರ ಮುಖವಾಡವನ್ನೂ ತನ್ನಿ.